ಚೈತ್ರಗೌರಿಯ ತಣ್ಣನೆಯ ಬಟ್ಟಲು

ಆ ವರ್ಷ ಚೈತ್ರಗೌರಿಯ ಪಾನಕವನ್ನು ನನ್ನ ಸೊಸೆ ರಂಜನಾ ಫ್ರಿಜ್ಜಿನಲ್ಲಿಟ್ಟು ಕಲ್ಲು ಮಾಡಿದಳು. ೧೯೯೯ನೆಯ ಇಸವಿ. ವಿಜಾಪುರ ಸೀಮೆಯ ನಮ್ಮ ಇಂಡಿ ಊರಿನ ಏಪ್ರಿಲ್ ಬಿಸಿಲು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನೆನೆಸಿದ ಕಡಲೆಬೇಳೆಯ ಕೋಸಂಬರಿಯ ಜೊತೆಗೆ ಎಲ್ಲರಿಗೂ ಒಂದೊಂದು ಬಟ್ಟಲು. ಅದರಲ್ಲಿ ಹೆಪ್ಪುಗಟ್ಟಿದ ಪಾನಕದ ಚೌಕ ತುಂಡುಗಳು. ಬೆಲ್ಲ, ನಿಂಬೆಹಣ್ಣು, ಏಲಕ್ಕಿ. ನಾಲಿಗೆಯ ಮೇಲಿಟ್ಟರೆ ನೆತ್ತಿಯವರೆಗೆ ತಂಪು.

ನನಗೆ ಆಗಲೇ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆ, ಪೇಢೆ ಬಿಟ್ಟಿದ್ದೆ. ಬೆಲ್ಲವನ್ನು ಮಾತ್ರ ಯಾರೂ ಬಿಡಿಸಿರಲಿಲ್ಲ. ಬೆಲ್ಲ ಮನೆಯ ಪದಾರ್ಥ, ಅದರಲ್ಲೂ ಗೌರಿಗೆ ನೈವೇದ್ಯ ಮಾಡಿದ್ದು. ದೇವರ ಮುಂದಿಟ್ಟು ತೆಗೆದದ್ದು ಕೆಡುಕು ಮಾಡುವುದಿಲ್ಲ ಎಂದು ನಾನೂ ನಂಬಿದ್ದೆ, ರಂಜನಾಳೂ ನಂಬಿದ್ದಳು. ನಾಲ್ಕು ಬಟ್ಟಲು ತಿಂದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಮಾಸ್ತರರ ಪರೀಕ್ಷೆ. ಮಾಸ್ತರರೆಂದರೆ ನನ್ನ ಯಜಮಾನರು. ಊರು ಅವರನ್ನು ಅನಂತ ಮಾಸ್ತರ ಎಂದು ಕರೆಯುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ನನ್ನ ಮೂತ್ರದ ಎಂಟು ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕುದಿಸುತ್ತಿದ್ದರು. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಇನ್ನೂ ಇದ್ದರೆ ಹಳದಿ, ಬಹಳವಾದರೆ ಇಟ್ಟಂಗಿಯ ಕೆಂಪು. ಅಡುಗೆಮನೆಯ ಒಲೆ ಮಡಿಯದು, ಅಲ್ಲಿ ಇದನ್ನೆಲ್ಲ ಕುದಿಸುವಂತಿಲ್ಲ. ಹಾಗಾಗಿ ಬಚ್ಚಲ ಪಕ್ಕದ ಕಲ್ಲೇ ಅವರ ಪ್ರಯೋಗಶಾಲೆ.

ಅಂದು ನಳಿಗೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ರಂಜನಾ ಅದನ್ನು ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಗಂಡನಿಗೂ ಮಾವನಿಗೂ ಕೇಳುವಂತೆ ಹೇಳಿದಳು:

“ಇನ್ನ ಮ್ಯಾಲೆ ಅತ್ಯಾರಿಗೆ ತಣ್ಣಂದು ಏನೂ ಕೊಡೂದಿಲ್ಲ. ಐಸ್‌ಕ್ರೀಮ್ ಇಲ್ಲ, ಕುಲ್ಫಿ ಇಲ್ಲ. ಯಾರರೇ ಕೊಟ್ರ ನನ್ನ ಜೋಡಿ ಜಗಳ ಅದ.”

ಅವಳ ಮೇಲೆ ಸಿಟ್ಟಾಗಲು ನನಗೆ ಮನಸ್ಸು ಬರಲಿಲ್ಲ. ಸೊಲ್ಲಾಪುರದ ಅವಳ ತಂದೆಗೆ ಇದೇ ಕಾಯಿಲೆಯಿಂದ ಮೊಣಕಾಲಿನ ಕೆಳಗೆ ಕಾಲು ತೆಗೆದಿದ್ದರು. ಆ ಮನೆಯಲ್ಲಿ ಬೆಳೆದ ಹುಡುಗಿ ಅವಳು.

ಆದರೆ ಮುಂದಿನ ವಾರ ಓಣಿಯ ಇನ್ನೊಂದು ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ ನನಗೆ ನೋವಾಯಿತು. ಆ ಮನೆಯವರು ಬಂದಗಿಸಾಬನ ಗಾಡಿಯಿಂದ ಕುಲ್ಫಿ ತರಿಸಿದ್ದರು. ಸಾಲಿನಲ್ಲಿ ಬಟ್ಟಲು ಕೈಯಿಂದ ಕೈಗೆ ಬರುತ್ತಿತ್ತು. ನನ್ನ ಹತ್ತಿರ ಬಂದಾಗ ಪಕ್ಕದ ಇಂದುಬಾಯಿ ಅದನ್ನು ನನ್ನ ತಲೆಯ ಮೇಲಿಂದ ಎತ್ತಿ ಆಚೆಯವಳಿಗೆ ದಾಟಿಸಿದಳು. ಇಂದುಬಾಯಿ ನಮ್ಮ ನೆರೆಯವಳು, ಅಗರಖೇಡದಲ್ಲಿ ಅವರ ನಿಂಬೆಯ ತೋಟ. ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ.

“ಬಾಯಾರಿಗೆ ಕೊಡಬ್ಯಾಡ್ರೆವ್ವ, ಸಕ್ರಿ ಬ್ಯಾನಿ ಐತಿ” ಎಂದಳು. “ಹೋದ ವಾರ ನಾಕ ಬಟ್ಟಲ ಹೊಡದು ಮಾಸ್ತರ ನಳಗೀನ ಕೆಂಪ ಮಾಡ್ಯಾರ. ಒಂದೀಟ ನೀರ ಕೊಡ್ರಿ, ಪಾಪ!”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಒಂದು ಲೋಟ ನೀರು ಬಂತು, ಕುಡಿದೆ. ಅರವತ್ತನಾಲ್ಕು ವರ್ಷದಲ್ಲಿ ನನ್ನ ತಲೆಯ ಮೇಲಿಂದ ಯಾರೂ ಬಟ್ಟಲು ದಾಟಿಸಿರಲಿಲ್ಲ.

ಮನೆಗೆ ಬಂದು ಮಾಸ್ತರರಿಗೆ ಹೇಳಿದೆ: “ಮುಂದಿನ ಚೈತ್ರಕ್ಕ ನಾ ಸಾಲಿನೊಳಗ ಕೂತು ಒಂದು ಬಟ್ಟಲ ತಿನ್ನೋಕಿ. ನಳಗಿ ಕೆಂಪಾಗಬಾರದು. ಹೆಂಗ ಅಂತ ನೀವು ಹೇಳ್ರಿ.”

“ರುಕ್ಮಿಣಿ, ಅದು ವಿಜ್ಞಾನ. ಹಟ ಮಾಡಿದ್ರ ಬಗ್ಗೂದಿಲ್ಲ.”

“ಮೂವತ್ತು ವರ್ಷ ಊರ ಹುಡುಗ್ರಿಗೆ ಕಲಿಸೀರಿ. ನನಗೊಬ್ಬಾಕಿಗೆ ಕಲಿಸ್ಲಿಕ್ಕೆ ಏನು ಧಾಡಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿಕೊಂಡರೆಂದೇ ಅದರ ಅರ್ಥ.

ನಾನು ತವರೂರು ಹಲಸಂಗಿಯಲ್ಲಿ ಮೂರನೆಯ ಇಯತ್ತೆಯವರೆಗೆ ಓದಿದವಳು. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ನಿಧಾನ. ಆದರೆ ಬಣ್ಣ ಗುರುತಿಸಲು ಶಾಲೆ ಬೇಕಾಗಿಲ್ಲ. ಒಂದೊಂದು ದಿನ ಒಂದೊಂದು ಪದಾರ್ಥ ಊಟ ಮಾಡಿ, ಎರಡು ತಾಸು ಬಿಟ್ಟು ನಳಿಗೆ ಕುದಿಸುವುದೆಂದು ಠರಾಯಿಸಿದೆವು. ನಳಿಗೆ ಯಾವ ಬಣ್ಣ ತೋರಿಸುತ್ತದೋ ಆ ಬಣ್ಣದ ನೂಲನ್ನು ಆ ಪದಾರ್ಥದ ಡಬ್ಬಿಯ ಕೊರಳಿಗೆ ಕಟ್ಟುತ್ತಿದ್ದೆ. ಜೋಳದ ಹಿಟ್ಟಿನ ಡಬ್ಬಿಗೆ ಹಸಿರು. ಆದರೆ ಎರಡನೆಯ ಭಕ್ರಿ ತಿಂದ ದಿನ ಹಳದಿ. ಅಕ್ಕಿಯ ಡಬ್ಬಿಗೆ ಹಳದಿಯ ಮೇಲೆ ಹಳದಿ. ಮೊಸರಿನ ಗಡಿಗೆಗೆ ನೀಲಿ.

“ಅತ್ಯಾರ ಡಬ್ಬಿಗೆ ಉಡದಾರ ಕಟ್ಟಲಿಕ್ಕತ್ತಾರ” ಎಂದು ರಂಜನಾ ಗಂಡನ ಮುಂದೆ ನಗುತ್ತಿದ್ದಳು. ನಕ್ಕರೂ ತಣ್ಣನೆಯ ವಿಷಯದಲ್ಲಿ ಅವಳ ಮನಸ್ಸು ಕರಗಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಎಲ್ಲಿದ್ದರೂ ಬಂದು ನೋಡುತ್ತಿದ್ದಳು.

ಆಷಾಢದ ಏಕಾದಶಿ ಬಂತು. ನಮ್ಮಲ್ಲಿ ಕಟ್ಟುನಿಟ್ಟಿನವರು ಅಂದು ನೀರನ್ನೂ ಮುಟ್ಟುವುದಿಲ್ಲ. ನಾನು ಗುಳಿಗೆ ತಿನ್ನುವವಳು, ಬರಿ ಹೊಟ್ಟೆಯಲ್ಲಿ ಇರಬಾರದೆಂದು ರಂಜನಾ ನಾಲ್ಕು ವರ್ಷದಿಂದ ನನಗಾಗಿಯೇ ಸಾಬೂದಾಣಿಯ ಖಿಚಡಿ ಮಾಡುತ್ತಿದ್ದಳು. ಬಟಾಟೆ, ಶೇಂಗಾಪುಡಿ, ತುಪ್ಪ. ಉಪವಾಸದ ದಿನ ನಳಿಗೆಯಲ್ಲಿ ಏನು ಕಾಣಬೇಕು ಎಂದು ಮಾಸ್ತರರು ಅಂದು ಪರೀಕ್ಷೆಯನ್ನೇ ಮಾಡುತ್ತಿರಲಿಲ್ಲ. ಈ ಸಲ ನಾನು ಬಿಡಲಿಲ್ಲ.

“ನೀಲಿ ಬರ್ತದ, ಸುಮ್ಮನ ಔಷಧ ಹಾಳು” ಎನ್ನುತ್ತಲೇ ಕುದಿಸಿದರು.

ಹಸಿರಾಯಿತು. ಹಳದಿಯಾಯಿತು. ನೋಡುತ್ತಿದ್ದಂತೆಯೇ ಕೆಂಪಾಯಿತು. ಚೈತ್ರಗೌರಿಯ ಮರುದಿನಕ್ಕಿಂತ ಗಾಢವಾದ ಕೆಂಪು.

ರಂಜನಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಖಿಚಡಿಯ ಪಾತ್ರೆ ಇತ್ತು. “ನಾನೇ ಮಾಡಿ ಕೊಟ್ಟೆನಲ್ರೀ” ಎಂದಳು. “ತಿಂಗಳಿಗೆ ಎರಡು ಸಲ, ನಾಕು ವರ್ಷ. ನಮ್ಮ ಅಪ್ಪನ ಗುರುವಾರದ ಉಪವಾಸಕ್ಕೂ ನಾನೇ ಮಾಡಿ ಕೊಡ್ತಿದ್ದೆ.” ಪಾತ್ರೆಯನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಕೂತುಬಿಟ್ಟಳು.

ನಾನು ಹತ್ತಿರ ಹೋಗಿ ಕೂತೆ. “ನೀ ಪ್ರೀತಿಲೆ ಮಾಡಿದಿ, ನಾ ಪ್ರೀತಿಲೆ ತಿಂದೆ. ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾತು. ಏಳು.”

ಮರುವಾರ ಅವಳೇ ನನ್ನನ್ನು ವಿಜಾಪುರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿದರು, ನೂಲಿನ ಕಥೆ ಕೇಳಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ಸಾಬೂದಾಣಿ, ಬಟಾಟೆ ಎರಡೂ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತವೆ ಎಂದರು; ಏಕಾದಶಿಗೆ ಏನು ತಿನ್ನಬೇಕು, ಗುಳಿಗೆ ಯಾವಾಗ ಎಂದು ತಿಳಿಸಿ ಹೇಳಿದರು. ನಾನು ತಣ್ಣನೆಯ ಬಟ್ಟಲಿನ ನನ್ನ ಪ್ರಶ್ನೆ ಕೇಳಿದೆ.

“ಅಜ್ಜಿ, ತಣ್ಣಂದಕ್ಕೂ ಈ ಬ್ಯಾನಿಗೂ ವೈರ ಇಲ್ಲ” ಎಂದರು. “ಅದರಾಗ ಏನೈತಿ, ಎಷ್ಟೈತಿ ಅನ್ನೂದು ಲೆಕ್ಕ. ಸಣ್ಣ ಬಟ್ಟಲ ತಿನ್ರಿ. ಊಟದ ಮ್ಯಾಲೆ ಅಲ್ಲ, ಅನ್ನದ ಬದಲಿ. ತಿಂದ ಮ್ಯಾಲೆ ಅರ್ಧಾ ತಾಸು ನಡೀರಿ. ಎರಡನೇ ಬಟ್ಟಲ ಮುಟ್ಟಿದ್ರ ಮಾತ್ರ ನನ್ನ ಕಡೆ ಬರಬ್ಯಾಡ್ರಿ.”

ಇಂಡಿಗೆ ಮರಳುವ ಬಸ್ಸು ಹಿಡಿದೆವು. ಊರು ಹತ್ತಿರ ಬಂದಾಗ, “ಮೊಸರಿನ ಗಡಿಗಿಗೆ ನೀಲಿ ನೂಲ ಅದ ಅಲ್ರಿ?” ಎಂದು ರಂಜನಾ ಕೇಳಿದಳು.

ಅವಳ ತವರಿನಲ್ಲಿ ಮೊಸರನ್ನು ಅರಿವೆಯಲ್ಲಿ ಕಟ್ಟಿ ತೂಗಹಾಕಿ, ನೀರು ಬಸಿದ ಗಟ್ಟಿ ಚಕ್ಕಾದಿಂದ ಶ್ರೀಖಂಡ ಮಾಡುತ್ತಾರೆ. ನನ್ನ ಊಟ, ಗುಳಿಗೆ ಹದಕ್ಕೆ ಬರಲೆಂದು ಕಾದು, ಪುಷ್ಯದಲ್ಲಿ ಅವಳು ಅದೇ ಚಕ್ಕಾಕ್ಕೆ ಸಕ್ಕರೆ ಹಾಕದೆ, ಏಲಕ್ಕಿ, ಕೇಸರಿ, ಬಟ್ಟಲಿಗೆ ಒಂದೇ ಚಮಚ ಶೀಶೆಯಲ್ಲಿ ತೆಗೆದಿಟ್ಟ ಮಾವಿನ ರಸ ಬೆರೆಸಿ ಹೆಪ್ಪುಗಟ್ಟಿಸಿದಳು. ಮೊದಲ ಸಲದ್ದು ಬಂಡೆಯಾಯಿತು. ಚಮಚ ಬಾಗಿತು.

“ಇದನ್ನ ಯಾರ ತಲಿಗರೇ ಒಗದ್ರ ಪೋಲೀಸರು ಬರ್ತಾರ” ಎಂದರು ಮಾಸ್ತರರು.

ಬಸ್‌ಸ್ಟ್ಯಾಂಡಿನ ಬಳಿ ಬಂದಗಿಸಾಬನನ್ನು ಕೇಳಿದೆ. ಗಾಡಿಯ ಮೇಲಿನ ಕೆಂಪು ಅರಿವೆ ಸರಿಸುತ್ತ ಅವನು, “ಬಾಯಾರ, ಹೆಪ್ಪ ಹಿಡಿಯೂ ಮುಂದ ಅದಕ್ಕ ನಿದ್ದಿ ಮಾಡಾಕ ಬಿಡಬಾರದ್ರಿ. ಅರ್ಧಾ ತಾಸಿಗೊಮ್ಮೆ ಎಬ್ಬಿಸಿ ಕಡೀರಿ” ಎಂದ. ರಂಜನಾ ಸಣ್ಣ ಕಡಗೋಲು ಹಿಡಿದಳು. ಅರ್ಧ ತಾಸಿಗೊಮ್ಮೆ ತೆಗೆದು ಕಡೆದು ಮತ್ತೆ ಇಟ್ಟಳು. ನಾಲ್ಕನೆಯ ಭಾನುವಾರ ಚಮಚ ಒಳಗೆ ಇಳಿಯಿತು. ಬಾಯಲ್ಲಿ ಹುಳಿ ಮೊದಲು, ಆಮೇಲೆ ಕೇಸರಿ, ಕೊನೆಗೆ ಎಲ್ಲೋ ದೂರದಲ್ಲಿ ಮಾವಿನ ಸಿಹಿ. ತಿಂಗಳುಗಟ್ಟಲೆ ಸಿಹಿ ಬಿಟ್ಟ ನಾಲಿಗೆಗೆ ಅಷ್ಟೇ ಬೇಕಾದಷ್ಟಾಯಿತು.

ಮಾಘದಿಂದ ಎಂಟು ಭಾನುವಾರ ಹೀಗೆ ತಿಂದೆ. ಆ ಹೊತ್ತು ಅನ್ನ ಬಿಟ್ಟೆ, ತಿಂದು ನಡೆದೆ. ನಳಿಗೆ ಆರು ಸಲ ನೀಲಿ, ಎರಡು ಸಲ ತೆಳು ಹಸಿರು. ವಿಜಾಪುರದ ರಕ್ತ ಪರೀಕ್ಷೆಯೂ ಮೊದಲಿಗಿಂತ ಇಳಿದಿತ್ತು. ಕಾಲ್ಬೆರಳಲ್ಲಿ ಹಿಂದಿನ ಬೇಸಿಗೆಯಿಂದ ಮಾಯದಿದ್ದ ಗಾಯವೊಂದು ಮಾಯಿತು. ಅದನ್ನು ಮೊದಲು ನೋಡಿದವಳು ರಂಜನಾ. ದಿನಾ ನನ್ನ ಕಾಲು ನೋಡುತ್ತಿದ್ದಳೆಂದು ನನಗೆ ಆಗ ತಿಳಿಯಿತು.

ಎರಡು ಸಾವಿರದ ಚೈತ್ರ. ನಮ್ಮ ಪಡಸಾಲೆಯಲ್ಲಿ ಮತ್ತೆ ಸಾಲು ಕೂತಿತು. ಮಧ್ಯಾಹ್ನ ನಾನು ಅನ್ನ ಮುಟ್ಟಿರಲಿಲ್ಲ. ರಂಜನಾ ಚಕ್ಕಾದ ಬಟ್ಟಲುಗಳ ತಾಟು ತಂದಳು. ಎಲ್ಲರಿಗೂ ಅದೇ, ನನಗೆಂದು ಬೇರೆಯಿಲ್ಲ. ಬಟ್ಟಲು ಕೈಯಿಂದ ಕೈಗೆ ಬಂತು. ಇಂದುಬಾಯಿ ರೂಢಿಯಂತೆ ಎತ್ತಿ ದಾಟಿಸಲು ಹೊರಟಳು.

“ಇಂದುಬಾಯಿ, ಅದು ನಂದು” ಎಂದೆ.

“ಏನ್ರಿ ಬಾಯಾರ, ಇವತ್ತ ಬ್ಯಾನಿಗೆ ರಜಾ ಕೊಟ್ಟೀರೇನು?”

“ರಜಾ ಇಲ್ಲ. ಅದೂ ನನ್ನ ಜೋಡಿ ಕೂತು ತಿಂತದ.”

ಅವಳು ರಂಜನಾಳ ಮುಖ ನೋಡಿದಳು. ಸಾಲೆಲ್ಲ ನೋಡಿತು. ರಂಜನಾ, “ಕೊಡ್ರಿ ಅವರಿಗೆ” ಎಂದಳು.

ನಾನು ನಿಧಾನವಾಗಿ ತಿಂದೆ. ಬೇರೆಯವರ ಬಟ್ಟಲು ಬರಿದಾದಾಗ ನನ್ನದರಲ್ಲಿ ಇನ್ನೂ ಅರ್ಧ ಇತ್ತು. ಮತ್ತೆ ಬಡಿಸುವ ಹೊತ್ತಾಯಿತು. ನಮ್ಮ ಕಡೆ ಒಂದೇ ಸಲ ಬಡಿಸಿದರೆ ಉಪಚಾರವಾಗುವುದಿಲ್ಲ. ಬೇಡವೆಂದಷ್ಟೂ ಹಾಕಬೇಕು. ರುಚಿ ನೋಡಿದ ಇಂದುಬಾಯಿ ತಾನೇ ಎದ್ದು ಪಾತ್ರೆ ಹಿಡಿದು, ಎಲ್ಲರಿಗೂ ಹಾಕುತ್ತ ನನ್ನ ಮುಂದೆ ಬಂದು ಬಗ್ಗಿದಳು.

“ಹಿಡೀರಿ ಬಾಯಾರ, ಇಷ್ಟು ಭೇಷ್ ಆಗೈತಿ! ಒಂದ ಚಮಚ. ನನ್ನ ಆಣಿ ಐತಿ.”

ಬಾಯಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ರಂಜನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಾದರೂ ಅನ್ನುತ್ತಾಳೆಂದು ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಬಟ್ಟಲಿನ ಮೇಲೆ ಅಂಗೈ ಮುಚ್ಚಿದೆ.

“ನನ್ನ ಪಾಲು ನಾ ತಿಂದೆ, ಇಂದುಬಾಯಿ. ಸಾಕು.”

“ಒಂದು...”

“ಸಾಕು ಅಂದ್ರ ಸಾಕು. ನೀವು ತಿನ್ರಿ.”

ಅವಳು ಪಾತ್ರೆಯನ್ನು ಕೆಳಗಿಟ್ಟಳು. ಆಮೇಲೆ ತುಸು ಸಣ್ಣ ದನಿಯಲ್ಲಿ, “ಬಾಯಾರ, ನಮ್ಮ ಮನಿಯವರದೂ ಮೊನ್ನೆ ಸಕ್ರಿ ಮುನ್ನೂರ ಬಂದೈತಿ ನೋಡ್ರಿ. ಮಾಸ್ತರ ಆ ನಳಗಿ ನಮಗೂ ತೋರಿಸ್ತಾರೇನು?” ಎಂದಳು.

“ಮೊದಲು ನನ್ನ ಜೋಡಿ ಅಗರಖೇಡ ರಸ್ತಾದ ತಿರುವಿನ ತನಕ ನಡೀರಿ, ದಾರಿಯೊಳಗ ಎಲ್ಲಾ ಹೇಳ್ತೀನಿ” ಎಂದು ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ.