ಪಟ್ಟಿಗೆ ಸೇರದ ಏಳು ಹೆಸರು

ಊರಿನ ಹೆಂಗಸರ ಗುಟ್ಟಿನ ಸಂಘದ ಹಿರಿಯಳು ಅಜ್ಜಿ ಕೋನಾ ಎಬೋಲಾದಿಂದ ಸತ್ತಳು. ಹೂಳುವ ತಂಡದ ಬಿಳಿ ಉಡುಪಿನವರಿಗೆ ಫೋನು ಹೋಗುವ ಮೊದಲೇ, ತಾಳೆಗರಿಯ ತಡಿಕೆಯ ಹಿಂದೆ ಏಳು ಹೆಂಗಸರು ಅವಳ ಮೈ ತೊಳೆದು ಮುಗಿಸಿದ್ದರು. ಏಳನೆಯವಳು ಬೈಂದು. ತಡಿಕೆಯ ಒಳಗೆ ನಡೆದದ್ದು ಗಂಡಸಿನ ಕಿವಿಗೆ ಬೀಳುವಂತಿಲ್ಲ. ಹುಡುಗಿಯರಾಗಿದ್ದಾಗಲೇ ಆಣೆ ಇಟ್ಟವರು ಅವರೆಲ್ಲ.

ರೋಗಿಯನ್ನೋ ಹೆಣವನ್ನೋ ಮುಟ್ಟಿದವರ ಪಟ್ಟಿ ಬರೆಯುವ ಕೆಲಸ ಬೈಂದುವಿನ ಗಂಡ ವಾಂಡಿಯದು. ರೋಗದಿಂದ ಶಾಲೆ ಮುಚ್ಚಿದ ಮೇಲೆ ಮೇಷ್ಟ್ರಾಗಿದ್ದ ಅವನ ಕೈಗೆ ಪಟ್ಟಿಯ ಪುಸ್ತಕ ಬಂದಿತ್ತು. ಪಟ್ಟಿಗೆ ಸೇರಿದವರನ್ನು ಇಪ್ಪತ್ತೊಂದು ದಿನ ಬೇರೆ ಇಟ್ಟು ಜ್ವರ ನೋಡಬೇಕು.

“ಅಜ್ಜಿ ಮೈನ ಯಾರ್ಯಾರು ಮುಟ್ಟಿದ್ರಿ?” ಅಂಗಳದಲ್ಲಿ ನಿಂತು ಕೇಳಿದ.

“ಯಾರೂ ಇಲ್ಲ ಮೇಷ್ಟ್ರೇ,” ಎಂದಳು ಕೋನಾಳ ತಂಗಿ ಯತ್ತಾ. “ನಿಮ್ಮ ಹೆಂಡ್ತಿ ಇಲ್ಲೇ ಇದಾಳಲ್ಲ, ಕೇಳಿ ಬೇಕಾದ್ರೆ. ಮನೇಲಿ ಮಾತಾಡ್ತಾಳೋ ಇಲ್ವೋ?”

ಹೆಂಗಸರು ನಕ್ಕರು. ವಾಂಡಿಯೂ ನಕ್ಕ. ಬೈಂದು ನೆಲ ನೋಡಿದಳು. ಅವನು ‘ಯಾರೂ ಇಲ್ಲ’ ಎಂದು ಬರೆದು ಗೆರೆ ಎಳೆದ.

ಅಂದಿನಿಂದ ಬೈಂದು, ಗಂಡನ ಜೊತೆ ಉಣ್ಣುತ್ತಿದ್ದ ತಟ್ಟೆಗೆ ಕೈ ಹಾಕಲಿಲ್ಲ. ಚಾಪೆಯನ್ನು ಜಗುಲಿಗೆ ಎಳೆದುಕೊಂಡಳು.

“ಏನೇ, ಮುನಿಸಾ? ಹೊಸ ಬಟ್ಟೆ ತಂದಿಲ್ಲ ಅಂತಾನಾ?”

“ಸೆಕೆ,” ಎಂದಳು.

ಇಷ್ಟು ದೂರ ಇದ್ದರೆ ಅವನು ಉಳಿಯುತ್ತಾನೆ ಅಂದುಕೊಂಡಿದ್ದಳು.

ಎಂಟನೆಯ ದಿನ ಅವಳಿಗೆ ಜ್ವರ ಬಂತು. ಬೇರೆಯವರ ಮನೆಯಾಗಿದ್ದರೆ ವಾಂಡಿ ಎರಡು ಮಾರು ಆಚೆ ನಿಂತು ಆಂಬುಲೆನ್ಸ್ ಕರೆಸುತ್ತಿದ್ದ. ಆದರೆ ಯಾರೂ ಮುಟ್ಟಿಲ್ಲವೆಂದು ಅವನದೇ ಪಟ್ಟಿ ಹೇಳುತ್ತಿತ್ತು. ಮಲೇರಿಯಾ ಇರಬೇಕೆಂದು ಮಾತ್ರೆ ತಂದ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದ.

“ದೂರ ಹೋಗು.”

“ಜ್ವರದಲ್ಲೂ ಮುನಿಸೇನೇ ಮಾರಾಯ್ತಿ?”

ಕುಡಿದದ್ದೆಲ್ಲ ವಾಂತಿಯಾಯಿತು. ಅವನು ಬರಿಗೈಯಲ್ಲೇ ಬಳಿದ.

ಆ ಕೈ ನೋಡಿ ಬೈಂದು ಬಾಯಿ ಬಿಟ್ಟಳು. ಏಳೂ ಹೆಸರು ಹೇಳಿದಳು.

“ಮೊದ್ಲೇ ಹೇಳ್ಬಾರ್ದಿತ್ತಾ?” ಅಂದ ವಾಂಡಿ. ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಕೈ ತೊಳೆದು, ಪುಸ್ತಕ ತೆಗೆದು, ಏಳು ಹೆಸರಿನ ಕೆಳಗೆ ತನ್ನದನ್ನೂ ಬರೆದ.

ಬೈಂದು ಚಿಕಿತ್ಸೆಯ ಡೇರೆ ಸೇರಿದ ಹತ್ತೊಂಬತ್ತನೆಯ ದಿನ ಹೊರಬಂದಳು. ವಾಂಡಿ ಅದೇ ಡೇರೆಯಲ್ಲಿ, ಪರದೆಯ ಆಚೆ, ಎರಡು ದಿನ ಮುಂಚೆ ತೀರಿಕೊಂಡಿದ್ದ. ಅಜ್ಜಿಯನ್ನು ತೊಳೆದವರಲ್ಲಿ ಐವರು ಸತ್ತಿದ್ದರು. ಬೈಂದುವಿನ ಜೊತೆ ಉಳಿದವಳು ಯತ್ತಾ ಒಬ್ಬಳೇ. ಗಂಡಸಿನ ಮುಂದೆ ಬಾಯಿ ಬಿಟ್ಟ ಬೈಂದು ದಾರಿಯಲ್ಲಿ ಬರುವುದನ್ನು ಕಂಡು ಅವಳು ಬಾಗಿಲು ಹಾಕಿಕೊಂಡಳು.

ವಾಂಡಿಯನ್ನು ಹೆತ್ತ ಅತ್ತೆ ಮನೆಯ ಅಂಗಳದಲ್ಲಿದ್ದಳು.

“ಕೈಯಲ್ಲೇನದು?”

“ಡೇರೆಯವರು ಕೊಟ್ಟ ಕಾಗದ, ಅತ್ತೆ.”

“ಓದು.”

“ರೋಗ ವಾಸಿಯಾಗಿದೆ. ಇವಳನ್ನ ಯಾರು ಬೇಕಾದ್ರೂ ಮುಟ್ಟಬಹುದು.”

ಅತ್ತೆ ಬಾಗಿಲು ತೆರೆದೇ ಬಿಟ್ಟು ಒಳಗೆ ಹೋಗಿ, ಇಬ್ಬರ ಸಾರಿಗಾಗುವಷ್ಟು ಮರಗೆಣಸಿನ ಸೊಪ್ಪು ಕುಟ್ಟತೊಡಗಿದಳು.