ಉಜ್ಜುವ ಕೆಲಸಕ್ಕೆ ಎರಡು ಜಾಗ

ಆ ಬೆಳಿಗ್ಗೆ ಕುರ್ಚಿ ಕಾರ್ಖಾನೆಯ ಆಫೀಸಿನ ಪರದೆಯ ಮೇಲೆ ಕುರ್ಚಿಯೊಂದು ಹಿಂದುಮುಂದಾಗಿ ತಯಾರಾಗುತ್ತಿತ್ತು. ಮೊದಲು ಅಂಟಿಸುವುದು, ಆಮೇಲೆ ಉಜ್ಜುವುದು, ಅದಾದ ಮೇಲೆ ಕೊಯ್ಯುವುದು, ಕಡೆಗೆ ಪಾಲಿಶ್. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಕಂಬಗಳನ್ನು ಸಾಫ್ಟ್‌ವೇರು ಅಕಾರಾದಿಯಾಗಿ ನಿಲ್ಲಿಸಿಬಿಟ್ಟಿತ್ತು.

“ಏನಮ್ಮಾ, ಮರ ಕೊಯ್ಯೋಕೆ ಮುಂಚೆನೇ ಅಂಟು ಮೆತ್ತಿದ್ದೀಯಲ್ಲ!” ಮ್ಯಾನೇಜರು ನಕ್ಕರು. “ಮಧ್ಯಾಹ್ನ ಯಜಮಾನ್ರು ಬರ್ತಾರೆ. ಅಷ್ಟರಲ್ಲಿ ಸರಿ ಮಾಡು.”

ಡಿಗ್ರಿ ಮುಗಿಸಿ ಹೊಸದಾಗಿ ಸೇರಿದ್ದ ಹುಡುಗಿ ತಲೆಯಾಡಿಸಿದಳು. ಅಲ್ಲಿ ಅವಳು ಬಾಯಿ ಬಿಟ್ಟದ್ದಕ್ಕಿಂತ ತಲೆಯಾಡಿಸಿದ್ದೇ ಹೆಚ್ಚು. ಯಜಮಾನರು ಯಾಕೆ ಬರುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಹೆಚ್ಚು ಹೊತ್ತು ತಿನ್ನುವ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಡುವ ಯೋಚನೆ ಅವರದು. ಎಲ್ಲಕ್ಕಿಂತ ಎತ್ತರವಾಗಿದ್ದದ್ದು ಉಜ್ಜುವ ಕಂಬ. ಆ ವಿಭಾಗದಲ್ಲಿ ಅವಳ ಅತ್ತಿಗೆ ಕೆಲಸಕ್ಕಿದ್ದಳು.

ಕಂಪ್ಯೂಟರಿನಲ್ಲಿ ಕೆಲಸದ ಹೆಸರು, ಹಿಡಿಯುವ ಹೊತ್ತು ಒಂದು ಟೇಬಲ್‌ನಲ್ಲಿದ್ದರೆ, ಯಾವುದಾದ ಮೇಲೆ ಯಾವುದು ಎಂಬ ಕ್ರಮಸಂಖ್ಯೆ ಇನ್ನೊಂದು ಟೇಬಲ್‌ನಲ್ಲಿತ್ತು. ಕೆಲಸದ ಕೋಡ್‌ನಿಂದ ಎರಡು ಟೇಬಲ್‌ಗಳಿಗೂ ನಂಟಿತ್ತು. ಆದರೆ ನಂಟಿದ್ದರೆ ಸಾಲದು. ಯಾವ ಕಾಲಂ ಪ್ರಕಾರ ಜೋಡಿಸಬೇಕೋ ಅದು ಹೆಸರಿರುವ ಟೇಬಲ್‌ನಲ್ಲೇ ಇರಬೇಕೆಂದು ಸಾಫ್ಟ್‌ವೇರಿನ ಹಟ. ಅವಳು ಹೊಸ ಕಾಲಂ ಮಾಡಿ, ಆ ನಂಟಿನ ದಾರಿಯಲ್ಲೇ ಸಂಖ್ಯೆಗಳನ್ನು ಈಚೆಗೆ ಕರೆತಂದಳು. ಈ ಕಾಲಂ ಪ್ರಕಾರ ಜೋಡಿಸು ಎಂದಳು. ಅದು ಒಲ್ಲೆ ಎಂದಿತು. ಒಂದೇ ಹೆಸರಿಗೆ ಎರಡು ಸಂಖ್ಯೆ ಇದ್ದರೆ ಎಲ್ಲಿ ನಿಲ್ಲಿಸುವುದು?

ಹುಡುಕಿದರೆ, ಎರಡು ಸಂಖ್ಯೆಯಿದ್ದದ್ದು ಉಜ್ಜುವುದಕ್ಕೇ. ಪಾಲಿಶ್‌ಗೆ ಮೊದಲು ಯಂತ್ರದಲ್ಲಿ ಒಮ್ಮೆ, ಪಾಲಿಶ್ ಆದ ಮೇಲೆ ಕೈಯಲ್ಲಿ ಇನ್ನೊಮ್ಮೆ. ಕೋಡ್ ಬೇರೆ, ಹೆಸರು ಮಾತ್ರ ಒಂದೇ. ಹೆಚ್ಚು ಹೊತ್ತು ತಿನ್ನುತ್ತಿದ್ದದ್ದು ಎರಡನೆಯದು.

“ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ?” ಎಂದರು ಮ್ಯಾನೇಜರು. “ಎರಡರಲ್ಲಿ ಚಿಕ್ಕ ನಂಬರನ್ನೇ ಎರಡಕ್ಕೂ ಕೊಟ್ಬಿಡು. ಮುಗೀತು.”

ಕೊಟ್ಟಳು. ಕಂಬಗಳು ತೆಪ್ಪಗೆ ಸಾಲಾಗಿ ನಿಂತವು. ಎರಡೂ ಸಲದ ಉಜ್ಜುವುದು ಒಂದೇ ಕಂಬವಾಗಿ ಪಾಲಿಶ್‌ಗಿಂತ ಮೊದಲು, ಎಲ್ಲರ ಕಣ್ಣಿಗೆ ಬೀಳುವ ಹಾಗೆ.

ಊಟದ ಹೊತ್ತಿಗೆ ಅತ್ತಿಗೆ ಹುಬ್ಬಿನ ತುಂಬ ಮರದ ಹುಡಿ ಹೊತ್ತು ಬಂದಳು. “ಏನೇ ಗುಮ್ಮನಗುಸುಕಿ, ಮುಖ ಯಾಕೆ ಹಿಂಡಿದ ಬಟ್ಟೆ ಥರ ಮಾಡ್ಕೊಂಡಿದ್ದೀಯ?”

“ಅತ್ತಿಗೆ, ಪಾಲಿಶ್ ಆದ್ಮೇಲೆ ಉಜ್ಜೋಕೆ ಅಷ್ಟೊತ್ತು ಯಾಕೆ?”

“ಒಣಗೋಕೆ ಬಿಟ್ರೆ ತಾನೇ! ಹಸಿ ಇರೋವಾಗ್ಲೇ ನಮ್ಮ ಕಡೆ ತಳ್ತಾರೆ. ಉಪ್ಪುಕಾಗದ ಅಂಟ್ಕೊಳ್ಳುತ್ತೆ, ಗೀರು ಬೀಳುತ್ತೆ, ಮತ್ತೆ ಮೊದಲಿಂದ.”

“ಯಾರು ತಳ್ಳೋದು?”

“ಇನ್ಯಾರು, ನಿಮ್ಮ ಮ್ಯಾನೇಜರು. ಅವರಿಗೆ ಎಲ್ಲಾ ಬೇಗ ಬೇಗ.” ಅತ್ತಿಗೆ ಡಬ್ಬಿ ಮುಚ್ಚಿದಳು. “ನನ್ನ ಹೆಸರು ಎತ್ತೀಯ, ಜೋಕೆ. ಮನೇಲಿ ನಿನ್ನ ಹತ್ರ ಮಾತು ಬಿಡ್ತೀನಿ. ಬಿಟ್ರೂ ನಿಂಗೆ ಗೊತ್ತಾಗಲ್ಲ ಅನ್ನು.”

ಹುಡುಗಿ ವಾಪಸು ಬಂದು ಕ್ರಮದ ಟೇಬಲ್‌ನಲ್ಲಿ ‘ಮೊದಲ ಉಜ್ಜು’, ‘ಕೊನೆಯ ಉಜ್ಜು’ ಎಂದು ಹೆಸರು ಬೇರೆ ಮಾಡಿದಳು. ಹೆಸರನ್ನೂ ಸಂಖ್ಯೆಯನ್ನೂ ಮತ್ತೆ ಈಚೆಗೆ ತಂದು ಜೋಡಿಸಿದಳು. ಈ ಸಲ ಸಾಫ್ಟ್‌ವೇರು ತಕರಾರು ಮಾಡಲಿಲ್ಲ. ಪಾಲಿಶ್‌ನ ಗಿಡ್ಡ ಕಂಬ, ಅದಕ್ಕೆ ಒತ್ತಿಕೊಂಡೇ ಕೊನೆಯ ಉಜ್ಜಿನ ಎತ್ತರದ ಕಂಬ.

ಮಧ್ಯಾಹ್ನ ಬಂದ ಯಜಮಾನರು ಗೋಡೆಯ ಪರದೆಯನ್ನು ದಿಟ್ಟಿಸಿದರು. “ಇದು ಇಷ್ಟು ಗಿಡ್ಡ, ಪಕ್ಕದ್ದು ಇಷ್ಟೆತ್ತರ. ಏನ್ರೀ ಇದು?”

“ಉಜ್ಜೋರು ಮೈಗಳ್ಳರು ಸಾರ್,” ಎಂದರು ಮ್ಯಾನೇಜರು.

“ಪಾಲಿಶ್ ಒಣಗೋ ಮೊದಲೇ ಕಳಿಸ್ತಾರೆ ಸಾರ್.” ಅದು ತನ್ನದೇ ದನಿ ಎಂದು ಹುಡುಗಿಗೆ ತಡವಾಗಿ ತಿಳಿಯಿತು.

“ಯಾರು ಕಳಿಸೋದು?”

ಅವಳು ಮ್ಯಾನೇಜರ ಕಡೆ ನೋಡಿದಳು, ಅಷ್ಟೆ. ಯಜಮಾನರೂ ಅತ್ತಲೇ ನೋಡಿದರು. ಪಾಲಿಶ್ ಪೂರ್ತಿ ಒಣಗಿಸಿ ಕಳಿಸಬೇಕು, ಗುತ್ತಿಗೆಯ ಮಾತು ಸದ್ಯಕ್ಕೆ ಬೇಡ ಎಂದು ಹೇಳಿ ಎದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ಅತ್ತಿಗೆಗೆ ಸುದ್ದಿ ಆಗಲೇ ತಲುಪಿತ್ತು. ಅವಳು ಖುಷಿಪಟ್ಟ ಹಾಗೆ ಕಾಣಲಿಲ್ಲ.

“ಅಲ್ವೇ, ಒಣಗಿಸಿ ಕಳಿಸಿದ್ರೆ ನಮಗೆ ಅರ್ಧ ಕೆಲಸಾನೇ ಇರಲ್ಲ. ಆಮೇಲೆ ಅರ್ಧ ಜನ ಎಲ್ಲಿಗೆ ಹೋಗ್ಬೇಕು?”

ಹುಡುಗಿಗೆ ಅದು ಹೊಳೆದೇ ಇರಲಿಲ್ಲ. “ಆ ಅರ್ಧದಲ್ಲಿ ನೀವಿರಲ್ಲ ಬಿಡಿ,” ಎಂದಳು.

“ಯಾರು ಹೇಳಿದ್ರು?”

ಬಸ್ಸು ಬಂತು. ಅತ್ತಿಗೆ ಮೊದಲು ಹತ್ತಿ ಕಿಟಕಿಯ ಸೀಟು ಹಿಡಿದು, ಪಕ್ಕದಲ್ಲಿ ಅವಳಿಗೆ ಜಾಗ ಬಿಟ್ಟಳು.