ಜುಬೇದಕ್ಕ ಹೇಳಿದ ಸಾಕ್ಷಿ

ನಮ್ಮ ಚರ್ಚಿನ ಸಭಾಪಾಲಕರಿಗೆ ಮೂರು ಊರು, ಒಂದು ಬೈಕು. ಭಾನುವಾರ ಬೆಳಗ್ಗೆ ಕುರುಗೋಡಿನಲ್ಲಿ ಪ್ರಾರ್ಥನೆ ಮುಗಿಸಿ, ಹತ್ತು ಗಂಟೆಗೆ ಬಳ್ಳಾರಿಗೆ ಬಂದು, ಸಂಜೆಗೆ ಸಿರುಗುಪ್ಪ ಮುಟ್ಟಬೇಕು. ಹಾಗಾಗಿ ಅವರ ಪ್ರಸಂಗ ಚಿಕ್ಕದು. ಮೂರೂ ಊರಿನವರು ಅವರನ್ನು ಅಷ್ಟು ಹಚ್ಚಿಕೊಳ್ಳಲು ಅದೂ ಒಂದು ಕಾರಣ ಎಂದು ನನ್ನ ಅನುಮಾನ.

ವರ್ಷಕ್ಕೊಮ್ಮೆ, ಸುಗ್ಗಿ ಹಬ್ಬದ ದಿನ, ಮೂರೂ ಊರಿನವರು ಬಳ್ಳಾರಿಯ ಚರ್ಚಿನಲ್ಲಿ ಒಟ್ಟಿಗೆ ಸೇರುತ್ತೇವೆ. ಕುರುಗೋಡಿನವರು ಅಂಜೂರ, ಮೆಣಸಿನಕಾಯಿ ತರುತ್ತಾರೆ. ಸಿರುಗುಪ್ಪದವರದು ಭತ್ತ. ಬಳ್ಳಾರಿಯ ನಮಗೆ ಹೊಲ ಎಲ್ಲಿಂದ ಬರಬೇಕು? ಮಾರ್ಕೆಟ್ಟಿನಲ್ಲಿ ಕುಂಬಳಕಾಯಿ ಕೊಂಡು, ಮನೆಯ ಬಳ್ಳಿಯದೇ ಎನ್ನುವಂಥ ಮುಖ ಮಾಡಿಕೊಂಡು ಹೋಗುತ್ತೇವೆ.

ಎಲ್ಲಕ್ಕಿಂತ ಮುಂದೆ ಭತ್ತದ ಮೊದಲ ತೆನೆಯ ಕಟ್ಟು ಹೋಗಬೇಕು. ಯಾವುದಾದರೂ ಒಂದು ಮನೆಯವರು ಅದನ್ನು ಬಾಗಿಲಿನಿಂದ ಪೀಠದ ತನಕ ಹೊತ್ತುಕೊಂಡು ನಡೆಯುತ್ತಾರೆ. ಈ ಭಾಗ್ಯ ಇಷ್ಟು ವರ್ಷ ಸಭೆಯ ನಾಲ್ವರು ಹಿರಿಯರ ಮನೆಗಳಲ್ಲೇ ಸುತ್ತುತ್ತಿತ್ತು.

ಆ ಕಟ್ಟನ್ನು ಕಟ್ಟುವವರು ನನ್ನ ಮಾವ. ಸಿರುಗುಪ್ಪದಲ್ಲಿ ಬೇರೆಯವರ ಗದ್ದೆಯಲ್ಲಿ ದುಡಿದು ಮುದುಕರಾದವರು. ಪ್ರತಿ ವರ್ಷ ಒಳ್ಳೆಯ ತೆನೆ ಆರಿಸಿ, ಹುರಿ ಹೊಸೆದು ಕಟ್ಟಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಚರ್ಚಿನ ಬಾಗಿಲಲ್ಲಿ ಅದನ್ನು ಹಿರಿಯರ ಕೈಗೆ ಕೊಟ್ಟು, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ನನ್ನ ಹೆಂಡತಿ ಸುವಾರ್ತಮ್ಮ ಅಪ್ಪನ ಕೈ ಬಾಗಿಲಲ್ಲೇ ಖಾಲಿಯಾಗುವುದನ್ನು ಲಂಗ ಉಡುವ ವಯಸ್ಸಿನಿಂದ ನೋಡಿದವಳು. ಅವಳು ನನ್ನಲ್ಲಿ ಸೀರೆ ಕೇಳಿದವಳಲ್ಲ, ಬಂಗಾರ ಕೇಳಿದವಳಲ್ಲ. ಒಂದು ಸಲ ಆ ಕಟ್ಟನ್ನು ತಾನು ಒಳಗೆ ಹೊರಬೇಕು, ಅಪ್ಪ ನೋಡಬೇಕು, ಅಷ್ಟೇ ಅವಳ ಆಸೆ.

ಈ ವರ್ಷ ಸಭಾಪಾಲಕರು ಪದ್ಧತಿಯನ್ನೇ ತಿರುಗಿಸಿಬಿಟ್ಟರು. ತೆನೆ ಹೊರುವುದು ಮಾದರಿಯಾಗಿ ಬಾಳುವ ಮನೆ. ಆ ಮನೆ ಯಾವುದೆಂದು ನಾವು ನಾವೇ ಹೇಳಿಕೊಂಡರೆ ಅದು ಕನ್ನಡಿಯ ಮುಂದೆ ನಿಂತು ಹೊಗಳಿಕೊಂಡಂತೆ, ಎಂದರು. ಪ್ರತಿ ಊರಿನಿಂದ ಒಂದು ಮನೆಯ ಹೆಸರು ಕೊಡಿ. ಬೇರೆ ಊರಿನವರೊಬ್ಬರು ಹೋಗಿ, ಚರ್ಚಿಗೆ ಬಾರದ ಪಕ್ಕದ ಮನೆಯವರನ್ನು ವಿಚಾರಿಸಿ ಬರಲಿ. ಗೋಡೆಗೆ ಗೋಡೆ ಹತ್ತಿದವರಿಗೆ ತಿಳಿಯದ್ದು ಯಾವುದಿದೆ?

ಬಳ್ಳಾರಿಯಿಂದ ನಮ್ಮ ಮನೆಯ ಹೆಸರು ಬಂತು. ಸುವಾರ್ತಮ್ಮ ಹನ್ನೊಂದು ವರ್ಷದಿಂದ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾಳೆ, ಅದಕ್ಕೆ. ಎಲ್ಲರೂ ತಿರುಗಿ ನೋಡಿ ನಕ್ಕರು. ಅವಳ ಮುಖ ಅರಳಿತು, ಅರಳಿದಷ್ಟೇ ಬೇಗ ಬಾಡಿತು. ಯಾಕೆಂದರೆ ಸತ್ಯನಾರಾಯಣಪೇಟೆಯ ನಮ್ಮ ಮನೆ ಓಣಿಯ ತುದಿಯದು. ಒಂದು ಕಡೆ ರಸ್ತೆ. ಇನ್ನೊಂದು ಕಡೆಯ ಗೋಡೆ ಜುಬೇದಕ್ಕನದು. ಜುಬೇದಕ್ಕ ಮತ್ತು ಸುವಾರ್ತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಹಾಗೆಂದು ಅವರು ಸುಮ್ಮನಿದ್ದರು ಎಂದುಕೊಳ್ಳಬೇಡಿ. ಇಬ್ಬರದೂ ಒಂದೇ ಕೆಲಸ. ಜೀನ್ಸ್ ಹೊಲಿಯುವವರು ಗಂಟುಗಟ್ಟಲೆ ಪ್ಯಾಂಟು ಮನೆಗೆ ಕಳಿಸುತ್ತಾರೆ. ಇವರು ಅವುಗಳ ಹೆಚ್ಚಿನ ದಾರ ಕತ್ತರಿಸಿ ಕೊಡಬೇಕು. ಮೊದಲು ಒಂದೇ ಕಟ್ಟೆಯ ಮೇಲೆ, ಒಂದೇ ಗೋಣಿತಟ್ಟಿನ ಮೇಲೆ ಕೂತು ಕತ್ತರಿಸುತ್ತಿದ್ದರು. ಈಗ ಕಟ್ಟೆಯ ಆ ತುದಿಗೊಬ್ಬರು, ಈ ತುದಿಗೊಬ್ಬರು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನೆಲ್ಲ ಜುಬೇದಕ್ಕನ ಮೇಕೆಗೆ ಹೇಳುತ್ತಿದ್ದರು. ಪ್ಯಾಂಟಿನ ಗಾಡಿ ನಾಳೆ ಬರುವುದಿಲ್ಲವಂತೆ ಎಂದು ಜುಬೇದಕ್ಕ ಮೇಕೆಗೆ ತಿಳಿಸಿದರೆ, ಹಾಗಾದರೆ ತಾನು ನಾಳೆ ಸಿರುಗುಪ್ಪಕ್ಕೆ ಹೋಗಿ ಬರುವುದಾಗಿ ನನ್ನ ಹೆಂಡತಿಯೂ ಅದೇ ಮೇಕೆಗೆ ತಿಳಿಸುತ್ತಿದ್ದಳು. ಓಣಿಯ ಸಮಾಚಾರವೆಲ್ಲ ಗೊತ್ತಿದ್ದ ಪ್ರಾಣಿ ಅದು.

ಜಗಳಕ್ಕೆ ಕಾರಣ ಒಂದು ಕೊಡ. ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಒಂಬತ್ತು ದಿನದ ಮೇಲೆ ನಮ್ಮ ಬಾಗಿಲ ಮುಂದಿನ ಓಣಿಯ ನಲ್ಲಿಗೆ ನೀರು ಬಂದಿತ್ತು. ಸರತಿಯಲ್ಲಿ ಸುವಾರ್ತಮ್ಮನ ಸ್ಟೀಲಿನ ಕೊಡ ಮೂರನೆಯದು, ಜುಬೇದಕ್ಕನದು ನಾಲ್ಕನೆಯದು. ಒಲೆಯ ಮೇಲಿನ ಹಾಲು ಇಳಿಸಲು ಇವಳು ಒಳಗೆ ಹೋಗಿ ಬರುವಷ್ಟರಲ್ಲಿ ಕೊಡ ಮಾಯ. ಜುಬೇದಕ್ಕನ ಕೊಡ ತುಂಬುತ್ತಿತ್ತು. ಇವಳು ಹುಡುಕಾಡುತ್ತಿರುವಾಗಲೇ ನೀರು ನಿಂತಿತು. ಆಮೇಲೆ ಕೊಡ ಸಿಕ್ಕಿದ್ದು ಸಿಮೆಂಟು ತೊಟ್ಟಿಯ ಹಿಂದೆ. ಪರರ ಸರತಿ ಕದ್ದ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಸುವಾರ್ತಮ್ಮ ಓಣಿಗೆಲ್ಲ ಕೇಳುವಂತೆ ಅಂದಳು. ಜುಬೇದಕ್ಕ ಬಾಗಿಲು ಹಾಕಿಕೊಂಡರು.

ಇನ್ನು ಮುಂದಿನದು ಹೇಳುವುದು ನನಗೆ ಕಷ್ಟ. ಆ ಕೊಡ ಸರಿಸಿದವನು ನಾನು.

ಹೊಲಿಗೆ ಮಷೀನು ರಿಪೇರಿ ನನ್ನ ಕೆಲಸ. ಅವತ್ತು ಗಾಂಧಿನಗರದಿಂದ ಅವಸರದ ಫೋನು ಬಂದಿತ್ತು. ಮೊಪೆಡ್ ತೆಗೆಯಲು ಕೊಡ ಅಡ್ಡ ಇತ್ತು. ಕಾಲಲ್ಲಿ ತಳ್ಳಿ, ಕೈಯಲ್ಲಿ ಎತ್ತಿ ತೊಟ್ಟಿಯ ಹಿಂದಿಟ್ಟು ಹೊರಟುಹೋದೆ. ಎಲ್ಲರ ಕಣ್ಣೂ ನಲ್ಲಿಯ ಮೇಲಿತ್ತು, ಯಾರೂ ನೋಡಲಿಲ್ಲ. ಸಂಜೆ ಬಂದಾಗ ಹೆಂಡತಿ ಅಳುತ್ತಿದ್ದಳು. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ಎರಡು ವರ್ಷ ತುಂಬಿತು.

ಹೆಸರು ಬಂದ ದಿನ ಸಂಜೆ, ಹೋಗಿ ಜುಬೇದಕ್ಕನನ್ನು ಮಾತಾಡಿಸು ಎಂದು ಅವಳಿಗೆ ಹೇಳಿ ನೋಡಿದೆ. ಕಳ್ಳನಿಗೆ ಅಷ್ಟೇ ಧೈರ್ಯ.

"ಎರಡು ವರ್ಷ ಹೋಗಲಾರದಾಕಿ ಈಗ ಹೋದ್ರ ತೆನಿಗಾಗಿ ಹೋದಂಗಾತು," ಅಂದಳು. "ದೇವ್ರಿಗೆ ಗೊತ್ತಾಗೂದಿಲ್ಲೇನು? ದೇವ್ರಿರಲಿ ಬಿಡ್ರಿ, ಜುಬೇದಕ್ಕಗ ಮೊದಲು ಗೊತ್ತಾಗತೈತಿ."

ಆಮೇಲೆ ಗೋಡೆಯ ಕಡೆ ನೋಡಿ, ಅಪ್ಪನಿಗೆ ವಯಸ್ಸಾಯಿತು, ಇನ್ನೆಷ್ಟು ವರ್ಷ ಬಸ್ಸು ಹತ್ತುತ್ತಾರೋ ಎಂದು ತನಗೆ ತಾನೇ ಅಂದುಕೊಂಡಳು. ನಾನು ಸ್ಕ್ರೂ ಡ್ರೈವರ್ ಹುಡುಕುವ ನೆಪದಲ್ಲಿ ಎದ್ದು ಹೋದೆ.

ಶನಿವಾರ ಕುರುಗೋಡಿನಿಂದ ಚಿನ್ನಪ್ಪ ಮೇಷ್ಟ್ರು ಬಂದರು. ರಿಟೈರ್ ಆದವರು, ಸ್ವಲ್ಪ ಅಂಜೂರದ ತೋಟ ಇಟ್ಟುಕೊಂಡವರು. ಒಂದು ಕೈಯಲ್ಲಿ ಅಂಜೂರದ ಚೀಲ, ಇನ್ನೊಂದರಲ್ಲಿ ನೋಟುಬುಕ್ಕು. ನಾನು ಕೆಲಸಕ್ಕೆ ಹೋಗದೆ ಬಾಗಿಲ ಮುಂದೆ ಮೊಪೆಡ್ ಬಿಚ್ಚಿಕೊಂಡು ಕೂತಿದ್ದೆ. ಕೆಟ್ಟಿರಲಿಲ್ಲ, ಸುಮ್ಮನೆ ಬಿಚ್ಚಿದ್ದೆ. ಮೇಷ್ಟ್ರು ನನ್ನ ಪಕ್ಕ ಬಗ್ಗಿ, "ನೀವು ಗುರ್ತಿಲ್ಲದವರಂಗ ಇರ್ರಿ, ನಾನೂ ಹಂಗ ಇರ್ತೀನಿ," ಎಂದು ಹೇಳಿ ಮುಂದೆ ಹೋದರು.

ಜುಬೇದಕ್ಕ ಕಟ್ಟೆಯ ಮೇಲೆ ಪ್ಯಾಂಟಿನ ಗುಡ್ಡೆಯ ನಡುವೆ ಕೂತಿದ್ದರು. ನಮ್ಮ ಮನೆಯೊಳಗೆ ಸುವಾರ್ತಮ್ಮನ ಕತ್ತರಿಯ ಸದ್ದು ನಿಂತಿತು. ಪಕ್ಕದ ಮನೆಯವರ ಬಗ್ಗೆ ವಿಚಾರಿಸಬೇಕಿತ್ತು ಎಂದು ಮೇಷ್ಟ್ರು ಶುರುಮಾಡಿದ್ದೇ ತಡ, ಜುಬೇದಕ್ಕ ಕಣ್ಣು ಕಿರಿದು ಮಾಡಿದರು.

"ಹೆಣ್ಣು ಕೇಳಾಕ ಬಂದೀರೇನ್ರಿ? ಅವರ ಮಗಳು ಇನ್ನಾ ಏಳನೇತ್ತ ಓದಾಕತ್ತಾಳ. ನಿಮ್ಮ ಕಾಲ ಅಲ್ಲ ಇದು, ಜೇಲಿಗೆ ಹಾಕ್ತಾರ."

ಮೇಷ್ಟ್ರು ಗಾಬರಿಯಿಂದ ಚಪ್ಪಲಿ ಬಿಟ್ಟು, ಕಟ್ಟೆಯ ಮೇಲೆ ಕೂತು, ಚರ್ಚು, ಸುಗ್ಗಿ, ತೆನೆ, ಮಾದರಿ ಎಲ್ಲವನ್ನೂ ಬಿಡಿಸಿ ಹೇಳಿದರು. ಜುಬೇದಕ್ಕ ಪೂರ್ತಿ ಕೇಳಿಸಿಕೊಂಡರು. ಒಂದು ಪ್ಯಾಂಟಿನ ದಾರವನ್ನೆಲ್ಲ ಕತ್ತರಿಸಿ ಮುಗಿಸಿ, ಮಡಚಿ ಪಕ್ಕಕ್ಕಿಟ್ಟರು.

"ನಾವಿಬ್ರೂ ಮಾತಾಡೂದಿಲ್ಲ. ಅದನ್ನ ಮೊದಲು ಬರಕೋರಿ. ನಾಳೆ ಯಾರರ ಹೇಳಿದ್ರ, ಜುಬೇದಾ ಮುಚ್ಚಿಟ್ಲು ಅನಬಾರದು."

ಮೇಷ್ಟ್ರು ಬರೆದುಕೊಂಡರು. ನನ್ನ ಕೈಯಲ್ಲಿದ್ದ ನಟ್ಟು ಬಿತ್ತು.

ಆಮೇಲೆ ಜುಬೇದಕ್ಕ ಹೇಳತೊಡಗಿದರು. ತನ್ನ ಗಂಡ ಆಸ್ಪತ್ರೆಯಲ್ಲಿದ್ದ ಹದಿನಾಲ್ಕು ದಿನ, ತನ್ನ ಪಾಲಿನ ಪ್ಯಾಂಟುಗಳ ದಾರವನ್ನೂ ಸುವಾರ್ತಮ್ಮನೇ ಕತ್ತರಿಸಿ, ಜುಬೇದಾ ಹೆಸರಲ್ಲೇ ಅವನ್ನು ಕಳಿಸಿದ್ದಳು. ಅದು ಮಾತಿದ್ದ ಕಾಲದ್ದು. ಮಾತು ಬಿಟ್ಟ ಮೇಲೂ ಮೇಕೆಗೆ ಕುಂಬಳದ ಸಿಪ್ಪೆ ಹಾಕುವುದನ್ನು ಬಿಟ್ಟಿಲ್ಲ. ತಾನು ನೋಡುವುದಿಲ್ಲ ಎಂದು ಅವಳು ತಿಳಿದಿದ್ದಾಳೆ, ತಾನೂ ನೋಡದವಳಂತೆ ಇರುವುದು. ರಂಜಾನಿನಲ್ಲಿ ತಾನು ಉಪವಾಸ ಇರುವಾಗ ಹಗಲು ಒಗ್ಗರಣೆಯ ಘಾಟು ಈ ಕಡೆ ಬಾರದಂತೆ ಕಿಟಕಿ ಮುಚ್ಚಿ ಅಡುಗೆ ಮಾಡುತ್ತಾಳೆ, ಆ ಸೆಕೆಯಲ್ಲಿ.

ಹಾಗಾದರೆ ಮಾತು ಬಿಟ್ಟದ್ದೇಕೆ ಎಂದು ಮೇಷ್ಟ್ರು ಕೇಳಿದರು. ಜುಬೇದಕ್ಕ ಕೊಡದ ಕಥೆ ಹೇಳಿದರು. ಗಂಟಲಲ್ಲಿ ಇಳಿಯದ ನೀರಿನ ಮಾತನ್ನು ಮಾತ್ರ ನುಂಗಿಕೊಂಡರು.

"ಆಕಿ ತಪ್ಪು ತಿಳಕೊಂಡಾಳ, ಆದ್ರ ಸುಳ್ಳು ಹೇಳಿಲ್ಲರಿ. ಕೊಡ ಖರೇನ ಅಲ್ಲಿರಲಿಲ್ಲ. ಯಾವುದೋ ದನ ಬಂದು ದೂಡಿತ್ತೇನೋ. ದನಕ್ಕೇನು ತಿಳೀತೈತಿ, ಅದರ ಮ್ಯಾಲೆ ಸಿಟ್ಟು ಮಾಡಿ ಏನು ಬಂತು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಹೊರಗಿನವನ ಮುಂದೆ ಅವರು ನಮ್ಮ ಮನೆಯ ಮಾನ ಕಾಯುತ್ತಿದ್ದರು, ನಾನು ಬಿಚ್ಚಿದ ಮೊಪೆಡ್ಡಿನ ಹಿಂದೆ ಅಡಗಿ ಕೂತಿದ್ದೆ. ಎದ್ದು ನಿಂತೆ. ಕೈಗೆಲ್ಲ ಮಸಿ.

"ಆ ದನ ನಾನ ಅದೀನಿ, ಜುಬೇದಕ್ಕ."

ಗಾಂಧಿನಗರದ ಫೋನು, ಮೊಪೆಡ್, ತೊಟ್ಟಿ, ಎರಡು ವರ್ಷದ ನಾಳೆ, ಎಲ್ಲ ಹೇಳಿದೆ. ಹೇಳುತ್ತಿರುವಾಗಲೇ ಸುವಾರ್ತಮ್ಮ ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ. ಮೇಕೆಯನ್ನೂ ನೋಡಲಿಲ್ಲ. ನೇರ ಜುಬೇದಕ್ಕನ ಮುಂದೆ ನಿಂತಳು.

"ಕೇಳಿದೇನು ಜುಬೇದಕ್ಕ, ಇವರು ಅಂದಿದ್ದು?"

"ಕೇಳಿದ್ನೆವ್ವಾ. ಎರಡು ವರ್ಷ."

"ದಿನಾ ಎರಡು ಹೊತ್ತು ಪ್ರಾರ್ಥನಿಗೆ ಕುಂದರತಾರ, ಇದೇ ಮುಖ ಇಟಗೊಂಡು."

"ನನಗೂ ದಿನಾ ಸಲಾಂ ಮಾಡಿಕೊಂತ ಹೋಗತಾರ, ಇದೇ ಮುಖ ಇಟಗೊಂಡು."

ಎರಡು ವರ್ಷದ ಮೇಲೆ ಅವರು ಆಡಿದ ಮೊದಲ ಮಾತುಗಳು ಇವು. ಮುಂದಿನ ಕಾಲು ಗಂಟೆ ಇಬ್ಬರೂ ಸೇರಿ ನನ್ನನ್ನು ಒಗೆದು, ಹಿಂಡಿ, ಹರವಿದರು. ಒಬ್ಬರು ಉಸಿರು ತೆಗೆದುಕೊಂಡಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು. ಅಷ್ಟು ಹೊಂದಾಣಿಕೆ ನಮ್ಮ ಚರ್ಚಿನ ಗಾಯನ ತಂಡದಲ್ಲೂ ಇಲ್ಲ. ಮೇಷ್ಟ್ರು ಪೆನ್ನು ಮುಚ್ಚಿ, ಅಂಜೂರದ ಚೀಲ ಬಿಚ್ಚಿ ಕೂತರು. ಬೈಸಿಕೊಳ್ಳುತ್ತ ಇಷ್ಟು ಹಗುರಾದ ದಿನ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಕೊನೆಗೆ ಸುವಾರ್ತಮ್ಮ ಕತ್ತರಿ ಕೆಳಗಿಟ್ಟು ಜುಬೇದಕ್ಕನ ಎರಡೂ ಕೈ ಹಿಡಿದುಕೊಂಡಳು.

"ಕೊಡ ಇವರು ಸರಿಸಿದ್ರು, ಖರೆ. ಗಂಟಲದ ಮಾತು ಅಂದಾಕಿ ನಾನು. ಅದು ಇವರ ಬಾಯಾಗಿಂದ ಬಂದಿಲ್ಲ. ನನ್ನ ತಪ್ಪು, ಅಕ್ಕ."

"ನಾನರ ಏನು ಮಾಡಿದೆ? ಬಾಗಲಾ ಹಾಕಿಕೊಂಡು ಮ್ಯಾಕಿ ಕೂಡ ಮಾತಾಡಿದೆ," ಎಂದರು ಜುಬೇದಕ್ಕ. ಕಣ್ಣೊರೆಸಿಕೊಳ್ಳಲು ಅವರಿಗೆ ಸಿಕ್ಕಿದ್ದು ಯಾರದೋ ಹೊಸ ಜೀನ್ಸ್ ಪ್ಯಾಂಟಿನ ಕಾಲು.

ನಮ್ಮ ಹೆಸರು ಹೊಡೆದುಹಾಕಿಬಿಡಿ ಎಂದು ಸುವಾರ್ತಮ್ಮ ಮೇಷ್ಟ್ರಿಗೆ ಹೇಳಿದಳು. ಇಂಥ ಮನೆಯವರು ತೆನೆ ಹೊತ್ತರೆ ತೆನೆಗೇ ನಾಚಿಕೆ ಎಂದಳು. ಅಪ್ಪನ ನೆನಪಾಯಿತೆಂದು ಕಾಣುತ್ತದೆ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಹೊಡೆದುಹಾಕುವ ಅಧಿಕಾರ ತನ್ನದಲ್ಲ, ಪಕ್ಕದ ಮನೆಯವರು ಹೇಳಿದ್ದನ್ನು ಬರೆಯುವುದಷ್ಟೇ ತನ್ನ ಕೆಲಸ ಎಂದು ಮೇಷ್ಟ್ರು ಪೆನ್ನು ತೆಗೆದು ಜುಬೇದಕ್ಕನ ಕಡೆ ತಿರುಗಿದರು. ಏನೆಂದು ಬರೆಯಲಿ?

ಜುಬೇದಕ್ಕ ಒಂದು ಅಂಜೂರ ಕಚ್ಚಿ ಯೋಚಿಸಿದರು.

"ಮಾದರಿ ಅಂತ ಬರೀಬ್ಯಾಡ್ರಿ. ಸುಧಾರಿಸಾಕತ್ಯಾರ ಅಂತ ಬರೀರಿ."

ಹಬ್ಬದ ಭಾನುವಾರ ನಾವು ಬಟ್ಟೆ ಹಾಕಿಕೊಂಡು ಹೊರಟು ನಿಂತಾಗಲೇ ನಲ್ಲಿಗೆ ನೀರು ಬರಬೇಕೆ? ಎಂಟು ದಿನದ ಮೇಲೆ ಬಂದ ನೀರು. ಸುವಾರ್ತಮ್ಮ ಹೊಸ್ತಿಲ ಮೇಲೆ ನಿಂತು ಕೊಡವನ್ನೂ ರಸ್ತೆಯನ್ನೂ ನೋಡುತ್ತಿದ್ದಳು. ಜುಬೇದಕ್ಕ ಅವಳ ಕೈಯಿಂದ ಕೊಡ ಕಸಿದುಕೊಂಡರು. ನೀನು ಹೋಗು, ನಿನ್ನವನ್ನೆಲ್ಲ ನಾನು ತುಂಬಿಡುತ್ತೇನೆ ಎಂದರು. ನನ್ನ ಕಡೆ ನೋಡಿ, ಈ ಅಣ್ಣನವರನ್ನು ಮಾತ್ರ ಮರೆಯದೆ ಜೊತೆಗೆ ಕರೆದುಕೊಂಡು ಹೋಗು ಎಂದೂ ಸೇರಿಸಿದರು.

ಚರ್ಚು ತುಂಬಿತ್ತು. ಸಭಾಪಾಲಕರು ಮೂರು ಚೀಟಿ ಹಿಡಿದು ನಿಂತರು. ಒಂದು ಊರಿನ ನೆರೆಯವರು ಹೇಳಿದ್ದು: ಬಹಳ ಒಳ್ಳೆಯ ಜನ, ಬಾಗಿಲು ತೆಗೆದದ್ದನ್ನೇ ನಾವು ನೋಡಿಲ್ಲ. ಇನ್ನೊಂದು ಊರಿನವರು ಹೇಳಿದ್ದು: ತಕರಾರೇನಿಲ್ಲ, ಅವರ ಹೆಸರೇನೆಂದಿರಿ? ಮೂರನೆಯದು ಮೂರು ಹಾಳೆ ಇತ್ತು. ಕೊಡ, ದನ, ಮೇಕೆ ಒಂದನ್ನೂ ಬಿಡದೆ ಓದಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸಭೆಯೆಲ್ಲ ನಕ್ಕು ಬೆಂಚುಗಳು ಅಲುಗುತ್ತಿದ್ದವು. ನಾನು ಕಿಟಕಿಯ ಸರಳು ಎಣಿಸುತ್ತಿದ್ದೆ.

ನಗು ಇಳಿದ ಮೇಲೆ ಅವರು ತಮ್ಮ ಎಂದಿನ ಚಿಕ್ಕ ಪ್ರಸಂಗ ಮಾಡಿದರು. ಮುಚ್ಚಿದ ಬಾಗಿಲ ಹಿಂದೆ ಎಷ್ಟು ಒಳ್ಳೆಯವರಾಗಿದ್ದರೂ ನೆರೆಯವರಿಗೆ ಅದು ಹೇಗೆ ಕಾಣಬೇಕು, ಎಂದರು. ತಪ್ಪು ಒಪ್ಪಿಕೊಂಡದ್ದನ್ನು ಒಂದು ಓಣಿ ನಿಂತು ನೋಡಿದೆ. ಅದರಂತೆ ಬೇರೆಯವರೂ ನಡೆಯಬಹುದು. ಆಮೇಲೆ, ಸುಧಾರಿಸುತ್ತಿರುವ ಮನೆಯವರು ಬಾಗಿಲಿಗೆ ಹೋಗಲಿ ಎಂದರು.

ಬಾಗಿಲಲ್ಲಿ ಮಾವ ಕಟ್ಟು ಹಿಡಿದು ನಿಂತಿದ್ದರು. ವಾಡಿಕೆಯಂತೆ ಮಗಳ ಕೈಗೆ ಕೊಟ್ಟು ಹಿಂದೆ ಸರಿಯಲು ಹೋದರು. ಅವಳು ಬಿಡಲಿಲ್ಲ. ಒಂದು ತುದಿಗೆ ಅಪ್ಪನ ಕೈ, ಇನ್ನೊಂದಕ್ಕೆ ತನ್ನ ಕೈ. ನಾನು ನಡುವೆ ಒಂದು ಕೈ ಕೊಡಲು ಹೋದೆ.

"ನೀವು ಮುಟ್ಟಬ್ಯಾಡ್ರಿ," ಅಂದಳು ಮೆಲ್ಲಗೆ. "ಒಯ್ದು ಎಲ್ಲಿ ಇಡತೀರೋ ಏನೋ."

ನಾನು ಮಾರ್ಕೆಟ್ಟಿನ ಕುಂಬಳಕಾಯಿ ಹೊತ್ತುಕೊಂಡು ಹಿಂದೆ ನಡೆದೆ. ಮುಂದೆ ಅಪ್ಪ ಮಗಳು ಒಂದೇ ಹೆಜ್ಜೆಯಲ್ಲಿ ಹೋಗುತ್ತಿದ್ದರು. ತೆನೆಯಿಂದ ಕಾಳು ಉದುರಿ ಹಾದಿಯುದ್ದಕ್ಕೂ ಬೀಳುತ್ತಿತ್ತು. ಮಾವ ಮುಂದಿನ ಬೆಂಚಿನಲ್ಲಿ ಕೂತರು, ಕೊನೆಯ ಹಾಡಿನ ತನಕ ಅಲ್ಲಿಂದ ಏಳಲಿಲ್ಲ.

ಮಧ್ಯಾಹ್ನ ಮಾವನನ್ನೂ ಕರೆದುಕೊಂಡು ಮನೆಗೆ ಬಂದೆವು. ಜುಬೇದಕ್ಕ ಹೇಳಿದಂತೆ ಮಾಡಿದ್ದರು. ನಮ್ಮ ಕೊಡ, ಬಕೆಟ್ಟು, ಬೋಗುಣಿ, ಕುಕ್ಕರ್ ಕೂಡ ಬಿಡದೆ ಎಲ್ಲವನ್ನೂ ಕಂಠಮಟ್ಟ ತುಂಬಿ, ಸಾಲಾಗಿ ಇಟ್ಟಿದ್ದರು. ಆ ಸಾಲು ನನ್ನ ಮೊಪೆಡ್ಡನ್ನು ಸುತ್ತುವರಿದಿತ್ತು. ಕಟ್ಟೆಯ ಮೇಲೆ ಒಂದೇ ಗೋಣಿತಟ್ಟು ಹಾಸಿತ್ತು.

ಊಟ ಮುಗಿಯುವಷ್ಟರಲ್ಲಿ ಪಾರ್ವತಿನಗರದಿಂದ ಫೋನು: ಮಷೀನು ನಿಂತಿದೆ, ಬೇಗ ಬನ್ನಿ. ಹೊರಗೆ ಬಂದು ನೋಡಿದೆ. ಸ್ಟೀಲಿನ ಕೊಡ ಸರಿಯಾಗಿ ಮುಂದಿನ ಚಕ್ರಕ್ಕೆ ಅಡ್ಡ ಕೂತಿತ್ತು. ಕಟ್ಟೆಯ ಮೇಲೆ ಇಬ್ಬರೂ ಕತ್ತರಿ ಆಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮೇಕೆಯೂ ನೋಡುತ್ತಿತ್ತು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪಾರ್ವತಿನಗರಕ್ಕೆ ನಡೆದುಕೊಂಡೇ ಹೋದೆ.